ಷಿಯಾನ್‌ನ ಗೋಡೆ ಬಾಗಿದ ದಿನ

ನನ್ನ ಗಂಡನಿಗೆ ಚೀನಾದ ಹುಚ್ಚು ಹಿಡಿಸಿದ್ದು ಮೈಸೂರಿನ ಸರ್ಕಾರಿ ಶಾಲೆಯ ಸಮಾಜ ಪುಸ್ತಕ. ಚಾಲುಕ್ಯರ ಕಾಲದಲ್ಲಿ ನಮ್ಮ ನಾಡಿಗೆ ಬಂದು ಹೋದ ಚೀನೀ ಯಾತ್ರಿಕನ ಚಿತ್ರ ಅದರಲ್ಲಿತ್ತು. ಬೆನ್ನ ಮೇಲೆ ಪುಸ್ತಕದ ಹೊರೆ, ಕೈಯಲ್ಲೊಂದು ಕೋಲು. ಅದೇ ಪಾಠವನ್ನು ನಾನೂ ಓದಿದ್ದೆ, ಎರಡು ಮಾರ್ಕಿಗೆ ಉರು ಹೊಡೆದು ಪರೀಕ್ಷೆ ಮುಗಿದ ಸಂಜೆಯೇ ಮರೆತಿದ್ದೆ. ಇವರು ಮರೆಯಲಿಲ್ಲ. ಆತ ಯಾವ ಊರಿಂದ ಹೊರಟ, ಯಾವ ಮರಳುಗಾಡು ದಾಟಿದ, ಹೊತ್ತು ತಂದ ಗ್ರಂಥಗಳನ್ನು ವಾಪಸ್ ಹೋದ ಮೇಲೆ ಎಲ್ಲಿಟ್ಟ ಎಂದು ಜೀವಮಾನವಿಡೀ ಓದುತ್ತಲೇ ಇದ್ದರು. ಸಿಡ್ನಿಗೆ ಬಂದು ನಗರ ಕೌನ್ಸಿಲ್‌ನಲ್ಲಿ ಸಿವಿಲ್ ಇಂಜಿನಿಯರ್ ಆದ ಮೇಲೂ ಅದೇ ಕಥೆ. ಬೇರೆ ಮನೆಯ ಗಂಡಸರು ಕ್ರಿಕೆಟ್ ನೋಡುವಾಗ ನಮ್ಮ ಮನೆಯ ಟೀವಿಯಲ್ಲಿ ಷಿಯಾನ್ ಕೋಟೆ, ಲಾಂಝೌ ಸೇತುವೆ, ದುನ್‌ಹುವಾಂಗ್ ಗುಹೆ.

"ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಕಣ್ರೀ," ಅನ್ನುತ್ತಿದ್ದೆ ನಾನು. "ಹತ್ತಿರ ಹೋದ್ರೆ ಅಲ್ಲೂ ಇಟ್ಟಿಗೆ, ಗಾರೆನೇ ಇರೋದು."

"ಇಟ್ಟಿಗೆ ಗಾರೆ ನೋಡೋಕೇ ಹೋಗೋದು ಕಣೇ," ಅನ್ನುತ್ತಿದ್ದರು.

ಹೋಗುವುದು ಮಾತ್ರ ಆಗಲಿಲ್ಲ. ಮಾರ್ಟ್‌ಗೇಜ್, ಮಗಳ ಓದು, ಅವಳ ಮದುವೆ, ನನ್ನ ಮಂಡಿ ಆಪರೇಷನ್. ರಿಟೈರ್ ಆದ ಮೇಲೆ ದೊಡ್ಡ ಮನೆ ಮಾರಿ ಸಿಡ್ನಿಯದೇ ಬಡಾವಣೆ ಪ್ಯಾರಮಟ್ಟಾದ ಈ ಅಪಾರ್ಟ್‌ಮೆಂಟಿಗೆ ಬಂದೆವು. ಈಗ ಹೊರಡೋಣ ಎನ್ನುವಷ್ಟರಲ್ಲಿ ಇವರ ಎಡಗಣ್ಣು ಹೋಯಿತು. ಕಣ್ಣಿನ ಒಳಪರದೆಯ ನಟ್ಟನಡುವೆ ರಕ್ತ ಸೋರಿ, ನೋಟದ ಮಧ್ಯಭಾಗ ಅಳಿಸಿಹೋಗುವ ಕಾಯಿಲೆ. ಅಂಚಿನಲ್ಲಷ್ಟು ಉಳಿಯುತ್ತದೆ. ಬಲಗಣ್ಣಿಗೂ ಅದೇ ಆಗಬಹುದು ಎಂದು ಡಾಕ್ಟರ್ ಹೆದರಿಸಿದರು. ಮನೆಯಲ್ಲಿ ಅಂಟಿಸಿಕೊಳ್ಳಲು ಚೌಕಳಿ ಗೆರೆಯ ಒಂದು ಹಾಳೆ ಕೊಟ್ಟರು. ದಿನಾ ಬೆಳಿಗ್ಗೆ ಅದನ್ನು ನೋಡಬೇಕು. ನೇರ ಗೆರೆ ನೇರವಾಗಿ ಕಂಡರೆ ಕ್ಷೇಮ. ಡೊಂಕಾಗಿ ಕಂಡರೆ ಅವತ್ತೇ ಓಡಿ ಬಂದು ಇಂಜೆಕ್ಷನ್ ತೊಗೊಳ್ಳಬೇಕು, ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ ಎಂದರು. ನಾನು ಆ ಹಾಳೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದೆ. ಹಾಲು ತೆಗೆಯುವ ಮೊದಲು ಇವರು ಕೈಯಿಂದ ಎಡಗಣ್ಣು ಮುಚ್ಚಿ ಅದರ ಮುಂದೆ ನಿಲ್ಲುತ್ತಿದ್ದರು. "ನೇರ ಇದೆ," ಎಂದರೆ ನಾನು ಕಾಫಿಗೆ ಇಡುತ್ತಿದ್ದೆ.

ಒಂದು ದಿನ ನಾನೇ ಹೇಳಿದೆ, "ಇರೋ ಒಂದು ಕಣ್ಣಲ್ಲಿ ನೋಡ್ಕೊಂಡು ಬನ್ನಿ. ನಾನೂ ಬರ್ತೀನಿ, ಎಲ್ಲಾದ್ರೂ ಬಿದ್ದುಗಿದ್ದೀರ." ಡಾಕ್ಟರೂ ಒಪ್ಪಿದರು. ಟಿಕೆಟ್ ಬುಕ್ ಮಾಡಿದ ದಿನ ಇವರು ಮಗುವಿನ ಹಾಗೆ ಕುಣಿಯುವುದೊಂದು ಬಾಕಿ.

ಷಿಯಾನ್ ತಲುಪಿದ ಮೊದಲ ದಿನ ಆ ಯಾತ್ರಿಕನ ಗ್ರಂಥಗಳಿಗಾಗಿ ಕಟ್ಟಿದ ಪಗೋಡದ ಮುಂದೆ ಹೋಗಿ ನಿಂತೆವು. ಬೂದುಬಣ್ಣದ ಇಟ್ಟಿಗೆ ಗೋಪುರ, ಮೇಲೆ ಮೇಲೆ ಹೋದಂತೆ ಸಣ್ಣದಾಗುತ್ತಾ, ಒಂದು ಕಡೆಗೆ ಚೂರೇ ಚೂರು ವಾಲಿದೆ. ಇವರು ದೂರ ನಿಂತು ಹೆಬ್ಬೆರಳೆತ್ತಿ ಅದರ ಓರೆಯನ್ನು ಅಳೆದರು. ಕಣ್ಣಲ್ಲಿ ನೀರು ನಿಂತಿತ್ತು. ನಾನು ಫೋಟೋ ತೆಗೆದೆ. ಆ ಫೋಟೋದಲ್ಲಿ ಇವರು ನೇರವಾಗಿ ನನ್ನನ್ನೇ ನೋಡುತ್ತಿದ್ದಾರೆ.

ಮಾರನೆಯ ಬೆಳಿಗ್ಗೆ ಕೋಟೆಗೋಡೆಯ ಮೇಲೆ ಹತ್ತಿದೆವು. ಗೋಡೆ ಎಂದರೆ ನಮ್ಮ ಕಡೆಯ ಗೋಡೆಯಲ್ಲ, ಮೇಲೆ ಲಾರಿಯೇ ಓಡಿಸಬಹುದು. ಒಂದು ಮಗ್ಗುಲಲ್ಲಿ ಹಳೇ ಊರಿನ ಹೆಂಚಿನ ಸೂರುಗಳು, ಇನ್ನೊಂದು ಮಗ್ಗುಲಲ್ಲಿ ಕಂದಕ, ಅದರಾಚೆ ಗಾಜಿನ ಕಟ್ಟಡಗಳು. ಗೋಡೆಯ ಅಂಚು ಸ್ಕೇಲಿಟ್ಟು ಎಳೆದ ಗೆರೆಯಂತೆ ಕಣ್ಣು ಹಾಯುವವರೆಗೂ ಓಡುತ್ತಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

ಇವರು ನಿಂತುಬಿಟ್ಟರು. ಒಂದು ಕೈ ಎತ್ತಿ ಎಡಗಣ್ಣು ಮುಚ್ಚಿಕೊಂಡರು. ತುಸು ಹೊತ್ತಿನ ಮೇಲೆ, "ಗೋಡೆ ನಡುವೆ ಬಾಗಿದ ಹಾಗಿದೆ ಅಲ್ವೇನೇ?" ಎಂದರು.

"ಗೋಡೆ ಬಾಗಿಲ್ಲ, ನಿಮ್ಮ ಸೊಂಟ ಬಾಗಿದೆ. ನೆಟ್ಟಗೆ ನಿಂತ್ಕೊಳ್ಳಿ, ಫೋಟೋ ತೆಗೀತೀನಿ," ಎಂದೆ.

ಇವರು ನಕ್ಕರು. ನಕ್ಕು ನೆಟ್ಟಗೆ ನಿಂತರು. ಅಷ್ಟೇ. ಅಲ್ಲಿಂದ ಮುಂದೆ ನನ್ನ ಭುಜದ ಮೇಲೆ ಕೈಯಿಟ್ಟುಕೊಂಡು ನಡೆದರು. ಈ ವಯಸ್ಸಿನಲ್ಲಿ ಎಂಥ ಸರಸ ಎಂದು ನನಗೆ ಒಳಗೊಳಗೇ ನಾಚಿಕೆ, ಖುಷಿ ಎರಡೂ ಆಯಿತು.

ಆಮೇಲೆ ಇವರ ಬಾಯಿಗೆ ಬಿಡುವೇ ಇರಲಿಲ್ಲ. ರೈಲಿನಲ್ಲಿ ಲಾಂಝೌಗೆ ಹೋದೆವು. ಉದ್ದಕ್ಕೆ ಹರಿಯುವ ಹಳದಿ ನದಿ, ಅದರ ಎರಡೂ ದಡಕ್ಕೆ ಅಂಟಿಕೊಂಡು ಬೆಳೆದ ಊರು, ಹಿಂದೆ ಬೋಳು ಗುಡ್ಡ. ನದಿಯ ನೀರು ಆಷಾಢದಲ್ಲಿ ಹೊಸನೀರು ಬಂದ ಕಾವೇರಿಯ ಬಣ್ಣಕ್ಕಿತ್ತು. "ಎದುರಿಗೆ ಹಳೇ ಕಬ್ಬಿಣದ ಸೇತುವೆ ಇದೆಯಲ್ಲ, ಅದರ ಕಮಾನು ಎಣಿಸು. ಅದರ ನೇರಕ್ಕೆ ಗುಡ್ಡದ ತುದಿ ನೋಡು, ಬಿಳೀ ಪಗೋಡ ಕಾಣುತ್ತಾ?" ಎಂದು ಕೇಳುತ್ತಿದ್ದರು. ಕಾಣುತ್ತೆ ಎಂದರೆ, "ಹೇಗಿದೆ ಹೇಳು," ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಒಳ್ಳೇ ಮೇಷ್ಟರ ಹಾಗೆ ಪಾಠ ಒಪ್ಪಿಸಿಕೊಳ್ತಾರಲ್ಲ ಎಂದುಕೊಂಡೆ.

ಕತ್ತಲಾಗುತ್ತಿದ್ದಂತೆ ನದಿಯುದ್ದಕ್ಕೂ ಕಟ್ಟಡಗಳ ದೀಪ ಹತ್ತಿದವು. ಸೇತುವೆಗೂ ದೀಪ, ಗುಡ್ಡದ ಪಗೋಡಕ್ಕೂ ದೀಪ, ನೀರಿನಲ್ಲಿ ಅಷ್ಟೂ ಅಲ್ಲಾಡುತ್ತಿತ್ತು. ದಸರಾ ದೀಪ ನೋಡಿ ಬೆಳೆದವಳು ನಾನು, ಸುಲಭಕ್ಕೆ ಮರುಳಾಗುವುದಿಲ್ಲ. ಆದರೂ ಅವತ್ತು ಆ ಕಲ್ಲುಕಟ್ಟೆಯ ಮೇಲಿಂದ ಏಳಲು ಮನಸ್ಸು ಬರಲಿಲ್ಲ. "ಇನ್ನೊಂದು ಸ್ವಲ್ಪ ಹೊತ್ತು ಇರೋಣ ಕಣ್ರೀ," ಎಂದೆ. ಇವರು ನನ್ನ ಕೈ ಹಿಡಿದುಕೊಂಡು ಕೂತರು. ಫೋಟೋ ತೆಗೆಯುವಾಗ ಮಾತ್ರ ಹಟ. "ಇಲ್ಲಿ ನೋಡ್ರಿ ಅಂದ್ರೆ ಎಲ್ಲೋ ನೋಡ್ತೀರಲ್ಲ, ಏನಾಗಿದೆ ನಿಮಗೆ?" ಎಂದು ರೇಗಿದೆ.

ದುನ್‌ಹುವಾಂಗ್‌ನ ಗುಹೆಗಳಲ್ಲಿ ಎಲ್ಲರೂ ಕುರುಡರೇ. ಒಳಗೆ ಕತ್ತಲು, ಗೈಡ್ ಟಾರ್ಚ್ ಬಿಟ್ಟ ಕಡೆ ಮಾತ್ರ ಕಾಣುತ್ತದೆ. ಚಾವಣಿಯಲ್ಲಿ ಹಾರುವ ಅಪ್ಸರೆಯರು, ಮಗ್ಗುಲಾಗಿ ಮಲಗಿದ ಬುದ್ಧ. ಇವರು ನನ್ನ ಕಿವಿಯಲ್ಲಿ ಕೇಳುತ್ತಲೇ ಇದ್ದರು: "ಬಣ್ಣ ಯಾವುದು? ಮುಖದಲ್ಲಿ ನಗು ಇದೆಯಾ?" ನಾನು ಒಂದೊಂದನ್ನೂ ಪಿಸುಗುಟ್ಟಿದೆ. ಹೊರಗೆ ಬಂದರೆ ಬಂಡೆಗೆ ಒರಗಿಸಿ ಕಟ್ಟಿದ ಒಂಬತ್ತಂತಸ್ತಿನ ಕೆಂಪು ಗುಡಿ ಬಿಸಿಲಿಗೆ ಹೊಳೆಯುತ್ತಿತ್ತು. ಮರುದಿನ ಮರಳುದಿಬ್ಬ ಹತ್ತಿದೆವು. ಮರಳು ಹೊಡೆಯುತ್ತದೆಂದು ನಾನು ಕೆಂಪು ದುಪಟ್ಟಾ ತಲೆಗೆ ಮುಖಕ್ಕೆ ಸುತ್ತಿಕೊಂಡೆ.

ವಾಪಸ್ ಬರುವಾಗ ಮೆಲ್ಬರ್ನ್‌ನಲ್ಲಿ ಇಳಿದೆವು. ಮಗಳ ಮನೆ ಅಲ್ಲಿ. ಪ್ರವಾಸ ಹೋಗಿ ಬಂದವರ ಫೋಟೋಗಳನ್ನು ಟೀವಿಗೆ ಹಾಕಿ ಎಲ್ಲರೂ ಕೂತು ನೋಡುವುದು ನಮ್ಮವರಲ್ಲಿ ಒಂದು ಪದ್ಧತಿಯೇ ಆಗಿದೆ. ಮಗಳು ನಾಲ್ಕಾರು ಕನ್ನಡ ಮನೆಯವರನ್ನು ಕರೆದಿದ್ದಳು. ಬಿಸಿಬೇಳೆಬಾತು, ಬೋಂಡಾ ಆಯಿತು. ಇವರು ಒಳ್ಳೆಯ ಶರ್ಟು ಹಾಕಿಕೊಂಡು ಸೋಫಾದ ತುದಿಯಲ್ಲಿ ಕೂತರು. ಅಳಿಯ ನನ್ನ ಫೋನನ್ನು ಟೀವಿಗೆ ಜೋಡಿಸಿದ. ಮೊದಲ ಫೋಟೋ ಬಂತು.

ಇವರು ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. "ಇದು ಷಿಯಾನ್ ಕೋಟೆಗೋಡೆ. ಅಂಚು ನೋಡಿ, ಎಷ್ಟು ನೇರ..."

ಟೀವಿಯ ತುಂಬ ಮರಳು. ಮರಳಿನ ಮೇಲೆ ಒಂಟೆಗಳ ಸಾಲು. ಅಳಿಯನ ಟೀವಿ ಕೊನೆಯ ಫೋಟೋದಿಂದ ಹಿಂದಕ್ಕೆ ತೋರಿಸುತ್ತಿತ್ತು.

"ಅಂಕಲ್, ಕೋಟೆ ಮೇಲೆ ಒಂಟೆ ಹತ್ತಿಬಿಟ್ಟಿದೆ!" ಎಂದ ಒಬ್ಬ. ಎಲ್ಲರೂ ಗೊಳ್ಳೆಂದರು.

ಇವರೂ ನಕ್ಕರು. "ನಿಮಗೆಲ್ಲ ನಿದ್ದೆ ಬಂತಾ ಅಂತ ಟೆಸ್ಟ್ ಮಾಡ್ದೆ ಕಣ್ರಪ್ಪಾ. ದುನ್‌ಹುವಾಂಗ್ ಇದು." ಅಷ್ಟರಲ್ಲಿ ಮುಂದಿನ ಫೋಟೋ ಬಂತು. ಟೀವಿಯ ಉದ್ದಗಲಕ್ಕೂ ಕೆಂಪು. ಇವರು ಕತ್ತು ಒಂದು ಕಡೆ ವಾಲಿಸಿದರು. ಧೈರ್ಯವಾಗಿ ಹೇಳಿದರು, "ಹಾಂ, ಇದೇ ಆ ಒಂಬತ್ತಂತಸ್ತಿನ ಗುಡಿ. ನೂರಾರು ವರ್ಷದಿಂದ ಕುಸಿದೂ ಕುಸಿದೂ ಮತ್ತೆ ಎದ್ದು ನಿಂತಿರೋದು."

"ಅಪ್ಪಾ, that's Amma!" ಎಂದಳು ಮಗಳು.

ಮನೆಯ ಸೂರು ಹಾರಿಹೋಗುವ ಹಾಗೆ ನಕ್ಕರು ಜನ. "ಆಂಟೀ, ಅಂಕಲ್ ನಿಮ್ಮನ್ನ ಒಂಬತ್ತಂತಸ್ತು ಮಾಡಿಬಿಟ್ರು!" ಹೆಂಡತಿಯ ಕಾಲೆಳೆದರು ಎಂದೇ ಎಲ್ಲರೂ ತಿಳಿದರು, ಮಗಳು ಕೂಡ. ನಾನು ಇವರನ್ನು ನೋಡಿದೆ. ಮುಖ ಬಿಳಿಚಿಕೊಂಡಿತ್ತು. ಸೋಫಾದ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು. ಒಂದೊಂದೇ ನೆನಪಿಗೆ ಬಂತು. ಭುಜದ ಮೇಲಿನ ಕೈ, ಕಮಾನು ಎಣಿಸು ಎಂದಿದ್ದು, ನಗು ಇದೆಯಾ ಎಂದಿದ್ದು, ಗೋಡೆ ಬಾಗಿದೆ ಎಂದಿದ್ದು. ಅಯ್ಯೋ ಶಿವನೇ.

ಅಳಬೇಕಾದ ಜಾಗ ಅದಲ್ಲ. ಅಷ್ಟು ಜನರ ಮುಂದೆ ಇವರ ಮಾನ ಕಾಯಬೇಕಿತ್ತು. "ಹೌದ್ರಪ್ಪಾ, ಒಂಬತ್ತಂತಸ್ತೇ ನಾನು, ಇವರ ಮನೇಲಿ ಇದ್ದೂ ಕುಸಿದಿಲ್ಲ ನೋಡಿ," ಎಂದು ಎದ್ದು ಹೋಗಿ ಇವರ ಪಕ್ಕ ಕೂತೆ. ಅಲ್ಲಿಂದ ಒಂದೊಂದು ಫೋಟೋ ಬಂದಾಗಲೂ ನಾನೇ ಮೊದಲು ಬಾಯಿ ಹಾಕಿದೆ. "ರೀ, ಈ ಸೇತುವೆ ಕಥೆ ಹೇಳಿ, ಸಂಜೆ ದೀಪ ಹಾಕಿದ್ರಲ್ಲ, ಲಾಂಝೌದು." ಇವರು ಹೇಳುತ್ತಿದ್ದರು. "ಈ ವಾಲಿರೋ ಪಗೋಡ ಯಾಕ್ರೀ ವಾಲಿದ್ದು?" ಇವರು ಹೇಳುತ್ತಿದ್ದರು. ಎಷ್ಟು ಚೆನ್ನಾಗಿ ಹೇಳಿದರೆಂದರೆ ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಜನ ಹೋದ ಮೇಲೆ ರೂಮಿನ ಬಾಗಿಲು ಹಾಕಿ ಕೇಳಿದೆ, "ಆ ಗೋಡೆ ಮೇಲೇ ಅಲ್ವಾ?"

"ಹೂಂ."

"ಗೊತ್ತಿತ್ತು ನಿಮಗೆ. ಗೆರೆ ಡೊಂಕಾದ್ರೆ ಏನು ಅಂತ ಗೊತ್ತಿತ್ತು."

"ಗೊತ್ತಿತ್ತು. ಹೇಳಿದ್ರೆ ನೀನು ಅವತ್ತೇ ನನ್ನನ್ನ ಫ್ಲೈಟ್ ಹತ್ತಿಸ್ತಿದ್ದೆ."

"ಹತ್ತಿಸ್ತಿದ್ದೆ! ಎಳ್ಕೊಂಡು ಬರ್ತಿದ್ದೆ! ಕಣ್ಣು ಕಳ್ಕೊಂಡು ಯಾವ ಊರು ನೋಡ್ಬೇಕಿತ್ತು ನಿಮಗೆ? ಹಾಳಾದ ಇಟ್ಟಿಗೆ ಗೋಡೆಗೆ..." ಬಾಯಿಗೆ ಬಂದಂತೆ ಬೈದೆ. ಬೈಯುತ್ತಾ ಬೈಯುತ್ತಾ ಅತ್ತೆ.

ಇವರು ನನ್ನ ಕೈ ತಡಕಿ ಹಿಡಿದುಕೊಂಡರು. ಆಮೇಲೆ ಹೇಳಿದರು, "ಅವತ್ತು ರಾತ್ರಿ ಹೇಳೋಣ ಅಂತಲೇ ಇದ್ದೆ. ನೀನು ಮಗಳಿಗೆ ಫೋನ್ ಮಾಡಿ ಗೋಡೆ ಹಾಗಿತ್ತು ಹೀಗಿತ್ತು ಅಂತ ಒಂದೇ ಸಮ ಹೇಳ್ತಿದ್ದೆ. ನಾಳೆ ಹೇಳೋಣ ಅಂದ್ಕೊಂಡೆ. ಆಮೇಲೆ ಲಾಂಝೌದಲ್ಲಿ ಇನ್ನೊಂದು ಸ್ವಲ್ಪ ಹೊತ್ತು ಇರೋಣ ಅಂದ್ಯಲ್ಲ. ಮದುವೆ ಆದಾಗಿಂದ ಎಲ್ಲಿಗೆ ಹೋದ್ರೂ ಹೊರಡಿ ಹೊರಡಿ ಅಂದೋಳು ನೀನು. ಆ ಮಾತು ನಾನು ಕೇಳೇ ಇರಲಿಲ್ಲ ಕಣೇ. ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ."

ಸಿಡ್ನಿಯ ಡಾಕ್ಟರ್ ತುಂಬ ಹೊತ್ತು ಪರೀಕ್ಷೆ ಮಾಡಿದರು. ಇಂಜೆಕ್ಷನ್ ಕೊಟ್ಟರು, ಮತ್ತೆ ಮತ್ತೆ ಕೊಟ್ಟರು. ನಡುವೆ ಕಲೆ ಬಿದ್ದುಹೋಗಿದೆ, ತಡವಾಯಿತು ಎಂದರು. ಮೊದಲೇ ಬಂದಿದ್ದರೆ ಉಳಿಯುತ್ತಿತ್ತೇ ಎಂದು ನಾನು ಕೇಳಿದೆ. ಉಳಿಯಬಹುದಿತ್ತು ಎಂದರು. ಆ ಮಾತನ್ನು ನಾನು ಇವತ್ತಿಗೂ ಅರಗಿಸಿಕೊಂಡಿಲ್ಲ. ಮನೆಗೆ ಬಂದು ಫ್ರಿಜ್ಜಿನ ಹಾಳೆ ಕಿತ್ತು ಬಿಸಾಡಿದೆ. ಅದನ್ನು ಅಂಟಿಸಿದ್ದ ಜಾಗ ಇನ್ನೂ ಬೆಳ್ಳಗಿದೆ.

ಆಮೇಲೆ ಅದೇ ಕ್ಲಿನಿಕ್ಕಿನಲ್ಲಿ ಒಬ್ಬ ಹುಡುಗಿ ಇವರಿಗೆ ನೋಡುವುದನ್ನು ಹೊಸದಾಗಿ ಕಲಿಸಿದಳು. ನಡುವೆ ಕಾಣುವುದಿಲ್ಲ, ಅಂಚಿನಲ್ಲಿ ಮಸುಕಾಗಿ ಕಾಣುತ್ತದೆ. ಆದ್ದರಿಂದ ಯಾರ ಮುಖ ನೋಡಬೇಕೋ ಅವರನ್ನು ನೇರವಾಗಿ ನೋಡಬಾರದು, ಪಕ್ಕಕ್ಕೆ ನೋಡಬೇಕು, ಆಗ ಮುಖ ಅಂಚಿಗೆ ಬರುತ್ತದೆ ಎಂದಳು.

"ಅದು ನಾನೇ ಕಂಡುಕೊಂಡಿದ್ದೆ," ಎಂದರು ಇವರು. "ಲಾಂಝೌದಲ್ಲಿ."

ಕ್ಲಿನಿಕ್ಕಿನಿಂದ ಬರುವ ರೈಲಿನಲ್ಲಿ ಫೋನ್ ತೆರೆದೆ. ಪಗೋಡದ ಮುಂದೆ ನನ್ನನ್ನು ನೇರವಾಗಿ ನೋಡುತ್ತಿದ್ದಾರೆ. ಆಮೇಲಿನ ಒಂದರಲ್ಲೂ ಇಲ್ಲ. ನದಿಯ ದಡದಲ್ಲಿ, ಸೇತುವೆಯ ಮೇಲೆ, ಕೆಂಪು ಗುಡಿಯ ಮುಂದೆ, ಮರಳಿನ ಮೇಲೆ, ಎಲ್ಲದರಲ್ಲೂ ಮುಖ ಬಲಕ್ಕೆ ತಿರುಗಿದೆ. ಎಲ್ಲಿ ನೋಡ್ತಿದ್ದೀರ ಎಂದು ನಾನು ರೇಗಿದ್ದೆನಲ್ಲ, ಅಷ್ಟೂ ಫೋಟೋಗಳಲ್ಲಿ.

ಈಗ ಸಂಜೆ ಬಾಲ್ಕನಿಯಲ್ಲಿ ಕೂರುತ್ತೇವೆ. ಪ್ಯಾರಮಟ್ಟಾದ ಕಟ್ಟಡಗಳಿಗೆ ದೀಪ ಹತ್ತುತ್ತದೆ, ಹೊಸ ಟವರಿನ ಕ್ರೇನಿನ ತುದಿಯಲ್ಲೊಂದು ಕೆಂಪು ದೀಪ. ಯಾವುದು ಎಷ್ಟು ಎತ್ತರ, ಯಾವ ಗಾಜಿಗೆ ಎಂಥ ಬಣ್ಣ ಎಂದು ನಾನು ಹೇಳುತ್ತೇನೆ. ಇವರು ಕೇಳುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಮುಖ ಆ ಕಡೆಗೆ ತಿರುಗಿಸಿ ಪಕ್ಕದ ಮನೆಯ ಬಾಲ್ಕನಿಯಲ್ಲಿ ಒಣಗಿಸಿದ ಬಟ್ಟೆಗಳ ಕಡೆಗೆ ನೋಡುತ್ತಾ ಕೂರುತ್ತಾರೆ. ಆ ಮನೆಯವರಿಗೆ ಗಂಡಹೆಂಡಿರು ಜಗಳವಾಡಿದ್ದಾರೆ ಎಂದೇ ಅನ್ನಿಸಬೇಕು. ನಾನು ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿಸಿ, ಕುಂಕುಮ ಸರಿಮಾಡಿಕೊಂಡು, ಅಲ್ಲಾಡದೆ ಕೂರುತ್ತೇನೆ, ಇವರು ನೋಡಿ ಮುಗಿಸುವವರೆಗೆ.