ಸೋಮಣ್ಣನವರ ಆರು ಅಂಕಿ

ಝೆಂಟೋ ಕಂಪನಿ ಯಾಕೆ ಮುಳುಗಿತು ಎಂದು ಯಾರಾದರೂ ಕೇಳಿದರೆ ಸಾಕು, ಕೇಳದಿದ್ದರೂ ಸರಿ, ಸೋಮಶೇಖರ್ ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಚಲು ಶುರು ಮಾಡುತ್ತಿದ್ದರು. ಕಿರುಬೆರಳಿಗೆ ಬೆಲೆ. ಉಂಗುರದ ಬೆರಳಿಗೆ, ಕೊಂಡ ಗೇಮನ್ನು ಪಕ್ಕದ ಮನೆಯವರಿಗೂ ಆಡಲು ಕೊಡಬಾರದು ಎಂಬ ಕಂಪನಿಯ ಕಾನೂನು. ಮಧ್ಯದ ಬೆರಳಿಗೆ, ಕರೆಂಟು ಹೋಗಿ ಬಂದರೆ ಮಾಲೀಕನನ್ನೇ ಕಳ್ಳನೆಂದು ಅನುಮಾನಿಸುವ ಅದರ ಮೆಷಿನ್ನು. ತೋರುಬೆರಳಿಗೆ, ಎಲ್ಲರ ಜೇಬಿಗೂ ಬಂದು ಕೂತ ಮೊಬೈಲು. ಹೆಬ್ಬೆರಳನ್ನು ಮಡಚುವ ಮೊದಲು ಸ್ವಲ್ಪ ತಡೆದು ಎದುರಿನವರ ಮುಖ ನೋಡುತ್ತಿದ್ದರು.

"ಐದನೇದು ಅಹಂಕಾರ. ಗಿರಾಕಿ ಕೈಗೆ ಸಿಗದೇ ಇರೋ ಕಂಪನಿ ಬದುಕಲ್ಲ ಕಣ್ರೀ."

ಟಿ.ವಿ.ಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆಗಳಲ್ಲಿ ಒಂದು ಕಾಲಕ್ಕೆ ಝೆಂಟೋ ಬಿಟ್ಟರೆ ಬೇರೆ ಹೆಸರೇ ಇರಲಿಲ್ಲ. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಝೆಂಟೋ ಎಂದರೆ ಈ ಸೋಮಶೇಖರ್, ಎಲ್ಲರ ಬಾಯಲ್ಲಿ ಸೋಮಣ್ಣ. ತಾಯಿ ಸರ್ವಮಂಗಳಮ್ಮನವರ ಮನೆಯ ಮುಂದಿನ ಕೋಣೆಗೆ ಶಟರ್ ಹಾಕಿಸಿ 'ಸೋಮು ಗೇಮ್ ಝೋನ್' ತೆರೆದಿದ್ದರು. ಅದರ ಕೆಳಗೆ ಇನ್ನೊಂದು ಸಾಲು: 'ತುಮಕೂರು, ಗುಬ್ಬಿ ಮತ್ತು ಕುಣಿಗಲ್‌ಗೆ ಅಧಿಕೃತ ಪ್ರತಿನಿಧಿ'. ಅಧಿಕಾರ ಕೊಟ್ಟವರು ಯಾರು ಎಂಬುದು ಬೋರ್ಡಿನಲ್ಲಿ ಇರಲಿಲ್ಲ. ಬೋರ್ಡು ಬರೆದ ಪೇಂಟರಿಗೂ ಗೊತ್ತಿರಲಿಲ್ಲ. ಆದರೆ ಭಾನುವಾರ ಆ ಬಾಗಿಲಲ್ಲಿ ಮದುವೆ ಮನೆಯ ಹಾಗೆ ಚಪ್ಪಲಿ ಬಿದ್ದಿರುತ್ತಿದ್ದುದು ನಿಜ. ಮೂರು ಊರುಗಳಲ್ಲಿ ಅರವತ್ತಮೂರು ಮೆಷಿನ್ ಮಾರಿದ್ದೂ ನಿಜ. ಪ್ರತಿ ಮನೆಗೂ ತಾವೇ ಹೋಗಿ, ಪೆಟ್ಟಿಗೆಗೆ ವಿಭೂತಿ ಹಚ್ಚಿ, ಕಾಯಿ ಒಡೆಸಿ ಆನ್ ಮಾಡಿ ಕೊಡುತ್ತಿದ್ದರು.

ಆನ್ ಮಾಡುವಾಗ ಫೋನ್ ನಂಬರೂ ಪಾಸ್‌ವರ್ಡೂ ಕೊಡಬೇಕಿತ್ತು. ಅರವತ್ತಮೂರಕ್ಕೂ ಸೋಮಣ್ಣ ತಮ್ಮದೇ ನಂಬರು, ತಮ್ಮದೇ ಪಾಸ್‌ವರ್ಡು ಕೊಟ್ಟರು. ಜನ ಪಾಸ್‌ವರ್ಡ್ ಮರೆಯುತ್ತಾರೆ, ನಾವು ಜವಾಬ್ದಾರರು, ಎಂದು ಅವರ ವಾದ. ಆ ನಂಬರಿಗಾಗಿಯೇ ಒಂದು ಬಟನ್ ಫೋನ್ ಬೇರೆ ಇಟ್ಟುಕೊಂಡಿದ್ದರು. ಗುಬ್ಬಿಯಲ್ಲಿ ಕರೆಂಟು ಹೋಗಿ ಬಂತು ಎಂದರೆ ಅಲ್ಲಿಯ ಮೆಷಿನ್ನುಗಳೆಲ್ಲ ಆರು ಅಂಕಿಯ ಓಟಿಪಿ ಕೇಳುತ್ತಿದ್ದವು, ಅದು ಉಪ್ಪಾರಹಳ್ಳಿಯ ಈ ಬಟನ್ ಫೋನಿಗೆ ಬರುತ್ತಿತ್ತು, ಗುಬ್ಬಿಯವರು ಸೋಮಣ್ಣನವರಿಗೆ ಫೋನ್ ಮಾಡುತ್ತಿದ್ದರು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಸೋಮಣ್ಣ ಪೂಜೆಗೆ ಕೂರುತ್ತಿದ್ದರು. ಸರ್ವಮಂಗಳಮ್ಮ ಫೋನ್ ಹಿಡಿದು ದೇವರ ಮನೆಯ ಬಾಗಿಲಿಗೆ ಬಂದರೆ, ಕಣ್ಣು ತೆರೆಯದೆ ಎಡಗೈ ಎತ್ತಿ ಅಂಗೈ ತೋರಿಸುತ್ತಿದ್ದರು. ಆಮೇಲೆ, ಎಂದು ಅರ್ಥ. ಪೂಜೆಯ ಮೇಲೆ ತಿಂಡಿ, ಮಧ್ಯಾಹ್ನ ಊಟದ ಮೇಲೆ ಒಂದು ಸಣ್ಣ ನಿದ್ದೆ. ಎಲ್ಲ ಮುಗಿಸಿ ತಾವೇ ತಿರುಗಿ ಫೋನ್ ಮಾಡಿ, ಬಹಳ ಪ್ರಸನ್ನವಾದ ಧ್ವನಿಯಲ್ಲಿ "ಹೇಳಿ" ಎನ್ನುತ್ತಿದ್ದರು. ಅಷ್ಟರಲ್ಲಿ ಆ ಓಟಿಪಿಯ ಹತ್ತು ನಿಮಿಷದ ಆಯುಷ್ಯ ಮುಗಿದಿರುತ್ತಿತ್ತು.

ನಾಲ್ಕು ವರ್ಷದ ಹಿಂದೆ ಒಮ್ಮೆ ಆ ಫೋನ್ ಮೂರು ತಿಂಗಳು ಒಂದು ಸಲವೂ ಸದ್ದು ಮಾಡಲಿಲ್ಲ. ಸೋಮಣ್ಣ ಅದನ್ನು ಶೋಕೇಸಿನ ಡ್ರಾಯರಿಗೆ ಹಾಕಿ, ಜನಕ್ಕೆ ಝೆಂಟೋ ಬೇಡವಾಯಿತು ಎಂದು ತೀರ್ಮಾನಿಸಿದರು. ಬೆರಳು ಮಡಚುವ ಭಾಷಣ ಶುರುವಾದದ್ದು ಆಗಲೇ.

ಈ ಫೆಬ್ರವರಿ ಹೊತ್ತಿಗೆ ಅಂಗಡಿಯಲ್ಲಿ, ಯು.ಪಿ.ಎಸ್. ಬ್ಯಾಟರಿಯ ದಯೆಯಿಂದ ಕರೆಂಟು ಹೋದದ್ದೇ ತಿಳಿಯದೆ, ಉಸಿರಾಡುತ್ತಿದ್ದ ಮೆಷಿನ್ ಒಂದೇ ಒಂದು. ಅಣ್ಣ ಮಹಾಲಿಂಗಯ್ಯ ಆ ಕೋಣೆಯಲ್ಲಿ ಎಣ್ಣೆ ಗಾಣ ಹಾಕುವುದೆಂದು ತೀರ್ಮಾನಿಸಿ ಸೋಮವಾರದ ಮುಹೂರ್ತ ಇಡಿಸಿದ್ದರು. ತಮ್ಮನಿಗೂ ಅದರಲ್ಲಿ ಒಂದು ಕೆಲಸವಿತ್ತು, ಕಡಲೆಕಾಯಿ ಬೀಜ ಸುರಿಯುವುದು. ಐವತ್ತೆರಡನೆಯ ವಯಸ್ಸಿನಲ್ಲಿ ಅಧಿಕೃತ ಪ್ರತಿನಿಧಿಯೊಬ್ಬರು ಗಾಣದ ಮುಂದೆ ಸ್ಟೂಲು ಹಾಕಿಕೊಂಡು ಕೂರಬೇಕಿತ್ತು.

ತಪ್ಪಿಸಿಕೊಳ್ಳಲು ದಾರಿ ಇದ್ದದ್ದು ಒಂದೇ. ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸಗಾರರಿಗೆ ಆಟದ ಕೋಣೆ ತೆರೆಯುತ್ತಿದ್ದರು. ಅಲ್ಲಿಯ ಸೂಪರ್‌ವೈಸರ್ ಸಂತೋಷ್ ಹೈಸ್ಕೂಲಿನಲ್ಲಿದ್ದಾಗ ಸೋಮಣ್ಣನವರ ಅಂಗಡಿಯಲ್ಲೇ ಬೆಳೆದವನು. ಬೇರೆ ಯಾವ ಹೊಸ ಗೇಮೂ ಬೇಡ, ನಮ್ಮ ಹಳೇ ಝೆಂಟೋ ಕಾರ್ ರೇಸೇ ಬೇಕು, ಅದನ್ನು ನೋಡಿಕೊಳ್ಳಲು ಸೋಮಣ್ಣನವರೇ ಬೇಕು ಎಂದು ಮ್ಯಾನೇಜರ ಹತ್ತಿರ ಹಟ ಹಿಡಿದಿದ್ದ. ಶನಿವಾರ ಸಂಜೆ ಐದು ಗಂಟೆಗೆ ಆಡಿಸಿ ತೋರಿಸಿದರೆ ಕೆಲಸ ಖಾಯಂ.

ಶನಿವಾರ ಬೆಳಿಗ್ಗೆ ಪೂಜೆ ಮುಗಿಸಿ ಬಂದು ಸೋಮಣ್ಣ ಮೆಷಿನ್ ಆನ್ ಮಾಡಿದರು. ಅದು ಒಂದು ಸಲ ಕೆಮ್ಮಿತು, ಸುಟ್ಟ ವಾಸನೆ ಬಂತು, ಅಷ್ಟೆ.

ಪಕ್ಕದ ಮನೆಯವನಾದ ನನ್ನನ್ನು ಕರೆದರು. ಹಿಂದೆ ಮಾರಿದ ಮೆಷಿನ್ನುಗಳಲ್ಲಿ ಒಂದನ್ನು ಕೇಳಿ ತರಬೇಕು, ಸ್ಕೂಟರಿನ ಹಿಂದೆ ಕೂತು ಅದನ್ನು ಮಡಿಲಲ್ಲಿ ಹಿಡಿದುಕೊಳ್ಳಲು ಒಬ್ಬರು ಬೇಕು ಎಂದರು. ಇಂಥ ಜವಾಬ್ದಾರಿ ನನಗೆ ಅಪರೂಪವಾದ್ದರಿಂದ ಒಪ್ಪಿಕೊಂಡೆ.

ಮೊದಲು ಗುಬ್ಬಿ. ಚನ್ನವೀರಯ್ಯ ಎಂಬ ಬಟ್ಟೆ ಅಂಗಡಿಯವರು ಬಾಗಿಲು ತೆಗೆದು ಸೋಮಣ್ಣನವರನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಹೆಂಡತಿಯನ್ನು ಕರೆದು ತೋರಿಸಿದರು. ಇಬ್ಬರೂ ಬಹಳ ಹೊತ್ತು ಆರೋಗ್ಯ ವಿಚಾರಿಸಿದರು, ಬಿ.ಪಿ. ಇದೆಯಾ, ಹಾರ್ಟಿಗೆ ತೋರಿಸಿದ್ದೀರಾ ಎಂದೆಲ್ಲ. ಸೋಮಣ್ಣ ಅದನ್ನು ತಮ್ಮ ಮೇಲಿನ ಅಭಿಮಾನ ಎಂದುಕೊಂಡು ಹಿಗ್ಗಿದರು. ಮೆಷಿನ್ ಮಾತ್ರ ಅಲ್ಲಿರಲಿಲ್ಲ. ಒಂದು ದಸರಾ ರಜೆ ಪೂರ್ತಿ ಮೊಮ್ಮಕ್ಕಳು ಓಟಿಪಿಗೆ ಕಾದು ಕಾದು, ಕೊನೆಗೆ ಚೌಕಾಬಾರ ಆಡಿಕೊಂಡು ಊರಿಗೆ ಹೋದರಂತೆ. ಮುಂದಿನ ವಾರವೇ ಗುಜರಿಗೆ ಹಾಕಿದರಂತೆ. ಚನ್ನವೀರಯ್ಯ ಇದನ್ನು ಬೇಸರವಿಲ್ಲದೆ ಹೇಳಿದರು. ಗುಬ್ಬಿಯಲ್ಲಿ ಇನ್ನೂ ನಾಲ್ಕು ಮನೆ ಹತ್ತಿ ಇಳಿದೆವು. ನಾಲ್ಕು ಕಡೆಯೂ ಆರೋಗ್ಯ ವಿಚಾರಿಸಿದರು, ಮೆಷಿನ್ ಎಲ್ಲಿಯೂ ಇರಲಿಲ್ಲ.

ಕುಣಿಗಲ್ ತಲುಪಿದಾಗ ಹನ್ನೆರಡೂವರೆ. ಅಲ್ಲಿ ಮೆಡಿಕಲ್ ಸ್ಟೋರ್ ನಡೆಸುವ ದೀಪಿಕಾ ಎಂಬ ಹುಡುಗಿ ಮಾತ್ರ ತನ್ನ ಝೆಂಟೋವನ್ನು ಅಟ್ಟದ ಮೇಲೆ, ಹಳೇ ಸೀರೆಯಲ್ಲಿ ಸುತ್ತಿ ಇಟ್ಟಿದ್ದಳು. ಇವರನ್ನು ನೋಡಿ ಅವಳ ಕೈಯಲ್ಲಿದ್ದ ಮಾತ್ರೆಯ ಶೀಟು ಕೆಳಗೆ ಬಿತ್ತು. ಸುಧಾರಿಸಿಕೊಂಡು ಮೆಷಿನ್ ಇಳಿಸಿ ಟಿ.ವಿ.ಗೆ ಸಿಕ್ಕಿಸಿದಳು. ಬೆಳಕು ಬಂತು. ಸೋಮಣ್ಣ ಸ್ಕ್ರೀನಿಗೆ ಬೆನ್ನು ಅಡ್ಡ ಹಿಡಿದು, ಯಾರಿಗೂ ಕಾಣದ ಹಾಗೆ ಪಾಸ್‌ವರ್ಡ್ ಒತ್ತಿದರು. ಕಂಪನಿ ಮುಳುಗಿದ್ದರೂ ಓಟಿಪಿ ಕೇಳುವುದನ್ನು ಮಾತ್ರ ಬಿಟ್ಟಿರಲಿಲ್ಲ, ಆರು ಖಾಲಿ ಚೌಕಗಳು ಮೂಡಿದವು.

ಆಗ ಅವರಿಗೆ ಆ ಬಟನ್ ಫೋನಿನ ನೆನಪಾಯಿತು. ನನ್ನ ಮುಖ ನೋಡಿದರು. ರೀಚಾರ್ಜ್ ಮಾಡಿಸದೆ ಬಿಟ್ಟ ನಂಬರನ್ನು ಫೋನ್ ಕಂಪನಿಯವರು ಬೇರೆಯವರಿಗೆ ಕೊಟ್ಟುಬಿಡುತ್ತಾರೆ ಎಂದು ನಾನು ಹೇಳಿದೆ. ಹೇಳಬಾರದಿತ್ತೋ ಏನೋ. ಅವರು ಅಲ್ಲೇ ಗ್ಲೂಕೋಸ್ ಡಬ್ಬಗಳ ಪಕ್ಕ ಕೂತುಬಿಟ್ಟರು.

ತಮ್ಮದೇ ಹಳೇ ನಂಬರಿಗೆ ಫೋನ್ ಮಾಡಿದರು. ಯಾರೋ ಎತ್ತಿದರು. ಓಟಿಪಿ ಎಂಬ ಮಾತು ಬಾಯಿಂದ ಹೊರಟ ಕೂಡಲೇ ಕಟ್ಟಾಯಿತು. ಇನ್ನೊಮ್ಮೆ ಮಾಡಿದರು. ಕಳ್ಳರಿಗೆ ಓಟಿಪಿ ಕೊಟ್ಟು ದುಡ್ಡು ಕಳೆದುಕೊಂಡವರ ಕತೆಗಳನ್ನು ಆ ಕಡೆಯವರು ಸಾವಧಾನವಾಗಿ ಹೇಳಿದರು. ಮೂರನೆಯ ಸಲ ಸೋಮಣ್ಣನವರ ಧ್ವನಿ ಹೇಗೆ ಒಡೆದಿತ್ತೋ, ಆ ಮನುಷ್ಯ ಸ್ವಲ್ಪ ಕರಗಿದ. ಸಿ.ಎಸ್. ಪುರಕ್ಕೆ ಬಂದು ಮುಖ ತೋರಿಸಿದರೆ ಯೋಚನೆ ಮಾಡುವುದಾಗಿ ಹೇಳಿದ.

ಮೆಷಿನ್ನನ್ನು ಸೀರೆಯ ಸಮೇತ ಮಡಿಲಲ್ಲಿಟ್ಟುಕೊಂಡು ನಾನು ಸ್ಕೂಟರ್ ಹತ್ತಿದೆ. ಸೋಮಣ್ಣ ಊಟ ಬೇಡವೆಂದರು. ಅವರು ಊಟ ಬೇಡವೆಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ದಾರಿಯುದ್ದಕ್ಕೂ ಒಂದು ಬೆರಳೂ ಮಡಚಲಿಲ್ಲ.

ಸಿ.ಎಸ್. ಪುರದ ರಾಮಾಂಜಿನಯ್ಯ ಮನೆ ಮುಂದೆ ರಾಗಿ ಹಸನು ಮಾಡಿಸುತ್ತಿದ್ದರು. ಅರವತ್ತು ದಾಟಿದವರು, ಮೊರ ಕೆಳಗಿಟ್ಟು ಎದ್ದರು. ಸೋಮಣ್ಣ ಹೆಸರು ಹೇಳಿದ್ದೇ ತಡ, ಎರಡು ಹೆಜ್ಜೆ ಹಿಂದೆ ಸರಿದರು.

"ಉಪ್ಪಾರಳ್ಳಿ ಸೋಮಣ್ಣ ಅಂದ್ರೆ ನೀವೇನಾ? ನೀವು ಬದ್ಕಿದೀರಾ?"

ಕತೆ ಆಗ ಹೊರಬಿತ್ತು. ಹೊಸ ಸಿಮ್ ತಂದ ದಿನದಿಂದ ಅವರಿಗೆ ಫೋನುಗಳು ಶುರುವಾಗಿದ್ದವು. ಗುಬ್ಬಿಯಿಂದ, ಕುಣಿಗಲ್‌ನಿಂದ, ತುಮಕೂರಿನಿಂದ. ಸೋಮಣ್ಣ ಇದಾರಾ, ಆಟ ಶುರುವಾಗ್ತಿಲ್ಲ, ಆರು ಅಂಕಿ ಹೇಳಿ, ಮಕ್ಕಳು ಕಾಯ್ತಿದಾರೆ. ಮೊದಮೊದಲು ರಾಂಗ್ ನಂಬರ್ ಎನ್ನುತ್ತಿದ್ದರಂತೆ. ಜನ ನಂಬದೆ ಮತ್ತೆ ಮತ್ತೆ ಮಾಡುತ್ತಿದ್ದರಂತೆ.

"ಎರಡು ವರ್ಷ ಬುಡ್ಲಿಲ್ಲ ಕಣ್ರಪ್ಪ. ಕೊನೆಗೆ ತಡ್ಯಕ್ಕಾಗ್ದೆ, ಸೋಮಣ್ಣ ತೀರ್ಕಂಡ್ರು ಅಂದ್ಬುಟ್ಟೆ. ಆಮೇಲೆ ನಿಂತೋಯ್ತು. ಒಂದಿಬ್ರು ಅತ್ತೇ ಬುಟ್ರು."

ಸೋಮಣ್ಣ ರಾಗಿಯ ರಾಶಿಯ ಅಂಚಿನಲ್ಲಿ ನಿಂತಿದ್ದರು. ಎರಡು ವರ್ಷ ಮಾಡಿದರಾ, ಎಂದು ಕೇಳಿದರು. ಹೌದು ಎಂದರು ರಾಮಾಂಜಿನಯ್ಯ. ಬಟನ್ ಫೋನ್ ಮೂರು ತಿಂಗಳು ಸದ್ದು ಮಾಡದೆ ಇದ್ದದ್ದು ಜನರಿಗೆ ಬೇಡವಾಗಿ ಅಲ್ಲ, ರೀಚಾರ್ಜ್ ಮುಗಿದು ಒಳಬರುವ ಕರೆ ನಿಂತಿದ್ದರಿಂದ. ಇದನ್ನು ಸೋಮಣ್ಣನವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ರಾಮಾಂಜಿನಯ್ಯನವರ ಹೆಂಡತಿ ನರಸಮ್ಮ ತಂದ ಮಜ್ಜಿಗೆಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು, ಕುಡಿಯಲಿಲ್ಲ.

ಬದುಕಿರುವ ಮನುಷ್ಯನನ್ನು ಸಾಯಿಸಿದ ಪಾಪಕ್ಕೋ ಏನೋ, ರಾಮಾಂಜಿನಯ್ಯ ತಕ್ಷಣ ಒಪ್ಪಿದರು. ಐದು ಗಂಟೆಗೆ ಫೋನ್ ಕೈಯಲ್ಲೇ ಹಿಡಿದುಕೊಂಡು ಕೂತಿರುವುದಾಗಿ ಮಾತು ಕೊಟ್ಟರು.

ಕೊಟ್ಟ ಮಾತಿನಂತೆ ನಡೆದುಕೊಂಡರು ಕೂಡ. ಐದಕ್ಕೆ ಐದು ನಿಮಿಷ ಇರುವಾಗ ನಾವು ಅಂತರಸನಹಳ್ಳಿಯ ಆಟದ ಕೋಣೆಯಲ್ಲಿದ್ದೆವು. ಐದಕ್ಕೆ ಫೋನ್ ಮಾಡಿದರೆ ಆರು ಅಂಕಿಗಳನ್ನು ಒಂದೊಂದಾಗಿ, ಎರಡೆರಡು ಸಲ ಹೇಳಿದರು. ಟಿ.ವಿ.ಯಿಂದ ಝೆಂಟೋದ ಹಳೇ ಸಂಗೀತ ಬಂತು. ಪಾಳಿ ಮುಗಿಸಿ ಹೊರಟಿದ್ದ ಕೆಲಸಗಾರರು ಟಿಫನ್ ಡಬ್ಬಿಗಳ ಸಮೇತ ಬಾಗಿಲಲ್ಲಿ ನಿಂತರು. ಸಂತೋಷ್ ಕೆಂಪು ಕಾರು ಹಿಡಿದ, ಇನ್ನೊಬ್ಬ ನೀಲಿ. ಲೇ ತಿರುಗ್ಸೋ, ಬೈಪಾಸಲ್ಲಿ ಲಾರಿ ಓಡ್ಸೋ ಹಂಗೆ ಓಡಿಸ್ತೀಯಲ್ಲೋ, ಎಂದೆಲ್ಲ ಗಲಾಟೆ. ಸೋಮಣ್ಣ ಗೋಡೆಗೆ ಒರಗಿ ನಿಂತು ಒಂದು ಸಲ ಕಣ್ಣೊರೆಸಿಕೊಂಡರು. ಮ್ಯಾನೇಜರು ಬರಬೇಕಿತ್ತು, ಬಂದಿರಲಿಲ್ಲ. ಮೀಟಿಂಗಂತೆ.

ಅವರು ಬಂದದ್ದು ಆರಕ್ಕೆ ಕಾಲು ಗಂಟೆ ಇರುವಾಗ. ಚಪ್ಪಲಿ ಬಿಡಬೇಕೇ ಬೇಡವೇ ಎಂದು ಬಾಗಿಲಲ್ಲಿ ಅನುಮಾನಿಸುತ್ತಿದ್ದಾಗ ಕರೆಂಟು ಹೋಯಿತು.

ಕಾರ್ಖಾನೆಯ ಜನರೇಟರು ಎಂಟೇ ಸೆಕೆಂಡಿನಲ್ಲಿ ಹತ್ತಿಕೊಂಡಿತು. ಲೈಟು ಬಂತು, ಫ್ಯಾನು ತಿರುಗಿತು, ಟಿ.ವಿ. ಹತ್ತಿತು. ಅದರ ತುಂಬ ಆರು ಖಾಲಿ ಚೌಕ.

"ಒಂದೇ ನಿಮಿಷ ಸಾರ್," ಎಂದು ಸೋಮಣ್ಣ ಫೋನ್ ಒತ್ತಿದರು. ಆ ಕಡೆ ಎತ್ತಿದವರು ನರಸಮ್ಮ. ದೀಪ ಹಚ್ಚುವ ಹೊತ್ತು, ಶನಿವಾರ ಬೇರೆ, ಯಜಮಾನರು ಆಂಜನೇಯನ ಪೂಜೆಗೆ ಕೂತಿದ್ದರು. ಫೋನಿನಲ್ಲಿ ಬಂದದ್ದನ್ನು ಓದಲು ನರಸಮ್ಮನವರಿಗೆ ಬರುತ್ತಿರಲಿಲ್ಲ.

"ಎಬ್ಬಿಸಿ ತಾಯಿ. ಒಂದೇ ನಿಮಿಷ. ನಿಮ್ಮ ಕಾಲಿಗೆ ಬೀಳ್ತೀನಿ, ಎಬ್ಬಿಸಿ."

ನರಸಮ್ಮ ಹೋದರು. ಮ್ಯಾನೇಜರು ಕೈಗಡಿಯಾರ ನೋಡಿದರು. ಸಂತೋಷ್, ಇದು ಅಪರೂಪಕ್ಕೆ ಹೀಗೆ ಸಾರ್, ಎಂದು ಸುಳ್ಳು ಹೇಳಿದ. ನರಸಮ್ಮ ತಿರುಗಿ ಬಂದು ಹೇಳಿದ್ದು ಸ್ಪೀಕರಿನಲ್ಲಿ ಕೋಣೆಗೆಲ್ಲ ಕೇಳಿಸಿತು.

"ಕಣ್ಣೇ ಬುಡ್ಲಿಲ್ಲ ಕಣಪ್ಪ. ಕೈ ಎತ್ತಿ ತೋರ್ಸಿದ್ರು, ಆಮೇಲೆ ಅಂತ."

ಸೋಮಣ್ಣ ತಮ್ಮ ಎಡಗೈಯನ್ನು ಒಮ್ಮೆ ನೋಡಿಕೊಂಡು ಜೇಬಿಗೆ ಹಾಕಿಕೊಂಡರು. ಮ್ಯಾನೇಜರು ಒಳ್ಳೆಯವರೇ, ಮೂರು ನಿಮಿಷ ಕಾದರು. ಓಟಿಪಿ ಕೇಳದೆ ಇರುವ ಆಟ ಯಾವುದಾದರೂ ನೋಡಪ್ಪ ಎಂದು ಸಂತೋಷನಿಗೆ ಹೇಳಿ, ಎರಡು ಕೇರಂ ಬೋರ್ಡಿಗೆ ಅಲ್ಲೇ ಒಪ್ಪಿಗೆ ಕೊಟ್ಟು ಹೋದರು. ಕೆಲಸಗಾರರು ಬಸ್ಸಿಗೆ ಹೊತ್ತಾಯಿತೆಂದು ಒಬ್ಬೊಬ್ಬರಾಗಿ ಹೊರಟರು. ಸಂತೋಷ್ ಮಾತ್ರ ಉಳಿದ.

ಆರೂಕಾಲಿಗೆ ಫೋನ್ ಬಂತು. ಪೂಜೆ ಮುಗಿಸಿದ, ಬಹಳ ಪ್ರಸನ್ನವಾದ ಧ್ವನಿ.

"ಹೇಳಿ ಸೋಮಣ್ಣೋರೆ."

ಸೋಮಣ್ಣ ಒಂದು ಪೆನ್ನೂ ಕಾಗದವೂ ತೆಗೆದುಕೊಳ್ಳಲು ಹೇಳಿದರು. ಹದಿನೈದು ವರ್ಷದಿಂದ ಹೆತ್ತ ತಾಯಿಗೂ ಹೇಳದಿದ್ದ ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ ಬರೆಸಿದರು. 'ಝೆಂಟೋ ಕಿಂಗ್ ಸೋಮು', ಮುಂದೆ ಒಂದು, ಎರಡು, ಮೂರು. ಕೇಳಿಸಿಕೊಂಡ ಸಂತೋಷ್ ನಗಬಹುದಿತ್ತು, ನಗದೆ ಟಿ.ವಿ.ಯ ವೈರು ಸುತ್ತತೊಡಗಿದ. ಇನ್ನು ಮೇಲೆ ಅಂಥ ಫೋನ್ ಯಾವುದಾದರೂ ಬಂದರೆ ಪಾಸ್‌ವರ್ಡನ್ನೂ ಓಟಿಪಿಯನ್ನೂ ಎರಡನ್ನೂ ಕೊಟ್ಟುಬಿಡಿ, ಮೆಷಿನ್ನಿನವರು ತಮ್ಮ ತಮ್ಮ ನಂಬರ್ ಹಾಕಿಕೊಳ್ಳಲಿ ಎಂದು ಸೋಮಣ್ಣ ಬೇಡಿಕೊಂಡರು. ತಾವು ತೀರಿಕೊಂಡ ಸುದ್ದಿಯನ್ನು ಬದಲಾಯಿಸುವುದೇನೂ ಬೇಕಾಗಿಲ್ಲ, ಅದು ಹಾಗೇ ಇರಲಿ ಎಂದರು.

ರಾಮಾಂಜಿನಯ್ಯ ಎಲ್ಲಕ್ಕೂ ಹೂಂಗುಟ್ಟಿದರು. ಒಂದೇ ಒಂದು ಅನುಮಾನ ಅವರಿಗೆ.

"ನಾನು ಪೂಜೆಗೆ ಕೂತಿದ್ರೆ?"

"ಎದ್ದು ಬಂದು ಹೇಳಿ ಯಜಮಾನ್ರೇ," ಎಂದರು ಸೋಮಣ್ಣ.