ಬಚ್ಚಲ ನೀರಿಗೊಂದು ಗಿಡ

ನಾನು ಮದುವೆಯಾಗಿ ಕಾಲಿಟ್ಟ ಮನೆಗೆ ಗಾಲಿಗಳಿದ್ದವು. ಹಳೆಯದೊಂದು ವ್ಯಾನು, ಅದರ ಮುಂದಿನ ಅರ್ಧದಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ, ಹಿಂದಿನ ಅರ್ಧದಲ್ಲಿ ನಾನು, ನಮ್ಮ ಮನೆಯವರು, ಅತ್ತೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ಜನ ಹಿತ್ತಾಳೆ ಬಿಟ್ಟು ಸ್ಟೀಲಿಗೆ ಮುಗಿಬೀಳುತ್ತಿದ್ದರು. ಹಾನಗಲ್ಲಿನ ಸಂತೆ ಮುಗಿಸಿ ಶಿಗ್ಗಾವಿ, ಅಲ್ಲಿಂದ ಸವಣೂರು, ಕೊನೆಗೆ ಹಿರೇಕೆರೂರು. ಊರೂರು ತಿರುಗುವುದೆಂದರೆ ನನಗೆ ದಿನಾ ಹಬ್ಬ! ಕೊರತೆ ಒಂದೇ, ಸ್ನಾನದ್ದು. ನಸುಕಿನಲ್ಲಿ ವ್ಯಾನಿನ ಹಿಂದೆ ಸೀರೆಯ ಮರೆ ಕಟ್ಟಿಕೊಂಡು, ಯಾರಾದರೂ ಬಂದಾರೆಂದು ಕಿವಿ ನಿಮಿರಿಸಿಕೊಂಡು, ಗಡಬಡಿಸಿ ನೀರು ಸುರಿದುಕೊಂಡು ಎದ್ದುಬಿಡಬೇಕು.

ನಾನು ಹಟ ಹಿಡಿದೆ. ನಮ್ಮ ಮನೆಯವರು ಹಿರೇಕೆರೂರಿನ ವೆಲ್ಡಿಂಗ್ ಅಂಗಡಿಯಲ್ಲಿ ವ್ಯಾನಿನ ಮೂಲೆಗೆ ತಗಡಿನ ಬಚ್ಚಲು ಕಟ್ಟಿಸಿಕೊಟ್ಟರು. ನೆಲಕ್ಕೆ ತೂತು, ತೂತಿಗೆ ಪೈಪು, ಕೆಳಗೆ ತೂಗುಬಿಟ್ಟ ಡ್ರಮ್ಮು, ಅದರ ತಳದ ತೂತಿಗೆ ಬಟ್ಟೆ ಸುತ್ತಿದ ಕಟ್ಟಿಗೆಯ ಬೂಚು. ಮೊದಲ ದಿನ ಬಿಸಿನೀರು ಮೈಮೇಲೆ ಬಿದ್ದಾಗ ನಾನು ಒಳಗೇ ಕುಣಿದಿದ್ದೆ. ರಾಣಿಯರಿಗಾದರೂ ಈ ಸುಖ ಇತ್ತೋ ಇಲ್ಲವೋ!

ಅತ್ತೆ ಮಾತ್ರ ಅದರೊಳಗೆ ಕಾಲಿಡಲಿಲ್ಲ.

“ಬಚ್ಚಲ ನೀರು ಗಿಡದ ಬುಡಕ್ಕ ಹೋಗಬೇಕು. ಹಿತ್ತಲ ಇಲ್ಲದ ಬಚ್ಚಲ ಎಂಥಾದ್ದು? ಕಂಡೋರ ಓಣ್ಯಾಗ ಸುರುವಿದ್ರ ಮುಖಕ್ಕ ಉಗಳ್ತಾರ,” ಎಂದರು. ಆಮೇಲೆ ಮಗನ ಕಡೆ ತಿರುಗಿ, “ಇದೊಂದು ಸುತ್ತು ನೋಡ್ತೇನಿ. ನೀರಿಗೆ ಜಾಗಾ ಸಿಗಲಿಲ್ಲಂದ್ರ ಹಿರೇಕೆರೂರಾಗ ಅದನ್ನ ಕೀಳಸೂದ.”

ಅವ್ವನ ಮುಂದೆ ಬಾಯಿ ಬಿಡದ ಮಗ “ಹೂಂ” ಅಂದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು.

ಹಾನಗಲ್ಲಿನಲ್ಲಿ ನಾನೇ ಬಕೇಟು ಹಿಡಿದು ಸಂತೆ ಬಯಲಿನ ಪಕ್ಕದ ಮನೆಗೆ ಹೋದೆ. ಹಿತ್ತಲಲ್ಲಿ ಬಾಳೆ ಕಾಣುತ್ತಿತ್ತು.

“ಅಕ್ಕಾರ, ಜಳಕದ ನೀರೈತ್ರಿ, ನಿಮ್ಮ ಬಾಳಿಗಿಡಕ್ಕ ಹಾಕ್ಲೇನ್ರಿ?”

ಮನೆಯಾಕೆ ಮೇಲಿನಿಂದ ಕೆಳಗೆ ನೋಡಿದಳು. “ಯಾರ ಪೈಕಿ ನೀವು?”

“ದಿನಾ ಜಳಕಾ ಮಾಡೋರ ಪೈಕಿರಿ,” ಅಂದೆ.

ಬಾಗಿಲು ಮುಚ್ಚಿತು. ತುಂಬಿದ ಬಕೇಟಿನೊಂದಿಗೆ ವಾಪಸು ಬಂದಾಗ ಅತ್ತೆ ಎಲೆಗೆ ಸುಣ್ಣ ಸವರುತ್ತ ನಕ್ಕರು.

ಶಿಗ್ಗಾವಿಯಲ್ಲಿ ವ್ಯಾಪಾರದ ಗದ್ದಲದೊಳಗೆ ಡ್ರಮ್ಮು ಕಂಠಮಟ್ಟ ತುಂಬಿತು. ಸವಣೂರಿಗೆ ಹೊರಡುವ ಮುಂಚೆ ನಮ್ಮ ಮನೆಯವರಿಗೊಂದು ಬುದ್ಧಿ ಹೊಳೆಯಿತು. ಬೂಚು ಸ್ವಲ್ಪ ಸಡಿಲ ಮಾಡಿದರೆ ನೀರು ಹನಿಹನಿಯಾಗಿ ದಾರಿಯ ಧೂಳಿಗೆ ಸೇರಿಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ.

ಯಾರಿಗೂ ತಿಳಿಯುವುದಿಲ್ಲವಂತೆ, ಅದೂ ನಮ್ಮ ಸೀಮೆಯಲ್ಲಿ! ಎದುರು ಬಂದ ಚಕ್ಕಡಿಯವರು ಕೈ ಬೀಸಿದರು. ಹೊಲದಲ್ಲಿದ್ದವರು “ಸೋರಾಕತ್ತೈತ್ರಿ!” ಎಂದು ಕೂಗಿದರು. ಕೊನೆಗೆ ಸಂತೆಯಿಂದ ಮನೆಗೆ ಹೊರಟಿದ್ದ ಸೈಕಲ್ಲಿನವನೊಬ್ಬ ಬೆನ್ನುಹತ್ತಿ, ಏದುಸಿರು ಬಿಡುತ್ತ ವ್ಯಾನಿಗೆ ಅಡ್ಡ ನಿಂತ.

“ನಿಂದರ್ರಿ! ಡೀಸೆಲ್ಲೆಲ್ಲಾ ಹೊಂಟೈತಿ!”

“ಇದು ನನ್ನ ಹೆಂಡತಿ ಸ್ನಾನ ಮಾಡಿದ ನೀರು” ಎಂದು ಹೇಳಲು ನಮ್ಮ ಮನೆಯವರಿಗೆ ನಾಚಿಕೆ. ಕಿವಿ ಕೆಂಪಗೆ ಮಾಡಿಕೊಂಡು ನಿಂತುಬಿಟ್ಟರು. ಅಷ್ಟರಲ್ಲಿ ಆ ಪುಣ್ಯಾತ್ಮ ತನ್ನ ಸಂತೆಚೀಲದಿಂದ ಹೊಸ ಸಾಬೂನು ತೆಗೆದು ವ್ಯಾನಿನಡಿ ತೂರಿಕೊಂಡ. ಡೀಸೆಲ್ ಟಾಕಿ ಸೋರಿದರೆ ಸಾಬೂನು ಮೆತ್ತುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಉಪಾಯ.

“ಏ ತಮ್ಮಾ, ಅದು ಬಚ್ಚಲ ನೀರೋ! ಕೈ ಹಚ್ಚಬ್ಯಾಡೋ!” ಅತ್ತೆ ಕಿಟಕಿಯಿಂದ ಅರ್ಧ ಹೊರಬಂದು ಕಿರುಚಿದರು.

ಅವನು ಮೆತ್ತಿ ಮುಗಿಸಿದ್ದ. ಹೊರಗೆ ಬಂದು ಕೈ ಮೂಸಿ ನೋಡಿದ. ಇನ್ನು ಬೈಗುಳ, ಜಗಳ, ನನ್ನ ಬಚ್ಚಲು ಹೋದ ಹಾಗೇ ಅಂದುಕೊಂಡೆ.

“ಜಳಕದ ನೀರೇನ್ರಿ? ದಾರಿಗುಂಟ ಸುರುವಿಕೋತ ಬಂದ್ರಲ್ರಿ!” ಸಿಟ್ಟೇನೋ ಬಂದಿತ್ತು, ಕಾರಣ ಮಾತ್ರ ಬೇರೆ. “ನಮ್ಮ ತೆಂಗಿನ ಸಸಿಗೆ ದೂರದ ಬಾವಿಯಿಂದ ನೀರು ಹೊತ್ತು ಹೊತ್ತು ನನ್ನ ಹೇಣ್ತಿ ರಟ್ಟಿ ಬಿದ್ದು ಹೋಗ್ಯಾವ. ಗಾಡಿ ಈ ಕಡಿ ಹೊರಳಸ್ರಿ.”

ಅವನ ಮನೆ ದಾರಿಯ ಪಕ್ಕದಲ್ಲೇ ಇತ್ತು. ಮೆತ್ತಿದ ಸಾಬೂನನ್ನು ಅವನೇ ಕೆರೆದು ತೆಗೆದ. ನಾನು ಸೆರಗು ಸಿಕ್ಕಿಸಿಕೊಂಡು, ಬಕೇಟು ಬಕೇಟಾಗಿ ಹಿಡಿದು, ಓಡಿ ಓಡಿ ಸಸಿಯ ಪಾತಿಗೆ ಸುರಿದೆ. ಒಣಮಣ್ಣು ಗಟಗಟ ಕುಡಿಯಿತು. ಅವನ ಹೆಂಡತಿ ನಗುತ್ತ ಬಂದು, “ಈ ಕಡಿ ಬಂದಾಗೆಲ್ಲಾ ಬರ್ರಿ ಅಕ್ಕಾರ,” ಅಂದಳು. ನನಗೆ ಆಕೆಯನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು. ಅತ್ತೆ ಅವನಿಗೆ ಕೈ ತೊಳೆಯಲು ನೀರು ಹಾಕಿದರು, ನಮ್ಮ ಡಬ್ಬಿಯಿಂದ ಹೊಸ ಸಾಬೂನು ತೆಗೆದು ಅವನ ಚೀಲಕ್ಕೆ ಹಾಕಿದರು. ಆಮೇಲೆ ಕೊನೆಯ ಬಕೇಟನ್ನು ನನ್ನ ಕೈಯಿಂದ ಕಸಿದುಕೊಂಡು, ತಾವೇ ಸಸಿಯ ಬುಡಕ್ಕೆ ಬಿಟ್ಟು, ಕಾಲಿನಿಂದ ಮಣ್ಣು ಸರಿಸಿ ಒಡ್ಡು ಕಟ್ಟಿದರು.

ಆದರೆ ಬಚ್ಚಲಿನ ಬಗ್ಗೆ ತುಟಿ ಬಿಚ್ಚಲಿಲ್ಲ. ಸವಣೂರಿನಲ್ಲಿ ನಾನು ಮತ್ತೆ ಜಾಗ ಹುಡುಕುವಾಗ ಸುಮ್ಮನೆ ಎಲೆತೋಟದ ಅಂಚಿನ ಕಡೆ ಬೆರಳು ತೋರಿಸಿದರು, ಅಷ್ಟೇ. ಒಂದು ಸಸಿ, ಒಂದು ತೋಟದ ಅಂಚು ಇವರಿಗೆ ಸಾಕಾದೀತೆ? ಹಿರೇಕೆರೂರು ಹತ್ತಿರವಾದಂತೆ ನನಗೆ ಕುಂತಲ್ಲಿ ಕೂರಲಾಗಲಿಲ್ಲ. ವೆಲ್ಡಿಂಗ್ ಅಂಗಡಿಯ ಮುಂದೆ ವ್ಯಾನು ನಿಂತಿತು. ನಾನು ಹೋಗಿ ಬಚ್ಚಲಿನ ತಗಡಿಗೆ ಬೆನ್ನು ಕೊಟ್ಟು ನಿಂತೆ. ಕಿತ್ತರೆ ನನ್ನನ್ನೂ ಸೇರಿಸಿ ಕೀಳಲಿ!

ವೆಲ್ಡಿಂಗಿನವನು ಇಣುಕಿದ. “ಏನ್ ಮಾಡೂದೈತ್ರಿ?”

“ಕೆಳಗಿನ ಬೂಚು ತಗದು ನಳಾ ಹಾಕು,” ಎಂದರು ಅತ್ತೆ. ನನ್ನ ಕಡೆ ನೋಡದೆಯೇ ಮುಂದುವರಿಸಿದರು, “ಒಳಗ ತಗಡಿಗೆ ಒಂದು ಗಟ್ಟಿ ಹಿಡಿಕಿ ಹಚ್ಚು. ವಯಸ್ಸಾದೋರಿಗೆ ಏಳಾಕ ಕೂಡ್ರಾಕ ಆಸರ ಬೇಕಲ್ಲ.”

ನಾನು ವ್ಯಾನಿನಿಂದ ಜಿಗಿದಿಳಿದು, ಸ್ಟೋವ್ ಹಚ್ಚಿ, ನಮ್ಮ ಅಂಗಡಿಯ ಎಲ್ಲಕ್ಕಿಂತ ದೊಡ್ಡ ಪಾತ್ರೆಯಲ್ಲಿ ನೀರು ಕಾಯಲಿಟ್ಟೆ.