ದೊಡ್ಡ ಮಾಡಿದ ದೀಪ

ನಾನು ನಿಂತಿದ್ದದ್ದು ಆಲೆಟ್ಟಿಯ ಮೋನಪ್ಪ ಗೌಡರ ಮನೆಯಲ್ಲಿ, ಅವರ ತಾಯಿಯ ಕೋಣೆಯ ಬಾಗಿಲ ಪಕ್ಕ, ಬೆಳಕು ಏರಿಸಿ ಇಳಿಸುವ ಡಿಮ್ಮರಿನ ಗುಂಡಿಯ ಮೇಲೆ ಬೆರಳಿಟ್ಟುಕೊಂಡು. ಮಳೆಗಾಲದ ಸೋಣ ತಿಂಗಳು, ಮುಸ್ಸಂಜೆ. ಪುತ್ತೂರಿನಲ್ಲಿ ವಯರಿಂಗ್ ಕೆಲಸ ಮಾಡಿಕೊಂಡಿರುವ ನನಗೆ ಇಂಥ ಕಥೆಗಳಲ್ಲಿ ನಂಬಿಕೆಯಿರಲಿಲ್ಲ. ಕರೆಂಟು ಇದ್ದರೆ ಬೆಳಕು, ಇಲ್ಲದಿದ್ದರೆ ಕತ್ತಲೆ, ಅಷ್ಟೇ.

ಅಜ್ಜಿಗೆ ಅಪಸ್ಮಾರವಿತ್ತು. ಬೆಳಕು ಪಟಪಟ ಮಿನುಗಿದರೆ ಫಿಟ್ಸ್ ಬರುತ್ತಿತ್ತು. ಹಾಗೆಂದು ಕತ್ತಲಲ್ಲಿ ಬಿಡುವಂತೆಯೂ ಇಲ್ಲ. ರಾತ್ರಿ ಯಾರಾದರೂ ಅವರನ್ನು ನೋಡುತ್ತಿರಬೇಕು. "ಮದುವೆಮನೆಯ ಬೆಳಕು ಬೇಡ ಮಾರಾಯ್ರೆ, ಅಮ್ಮನ ಮುಖ ಕಂಡ್ರೆ ಸಾಕು" ಎಂದಿದ್ದರು ಗೌಡರು. ಅದಕ್ಕಾಗಿ ಮಾಡಿನ ಸೀಲಿಂಗಿಗೆ ಎಲ್‌ಇಡಿ ಡೌನ್‌ಲೈಟುಗಳನ್ನು ಕೂರಿಸಿದ್ದೆ. ಡಿಮ್ಮರಿಗೆ ಹೊಂದುತ್ತದೆಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಗೋಡೆಯ ಡಿಮ್ಮರು ಮಾತ್ರ ಹಳೆಯದು, ತಂತಿ ಕಾದು ಉರಿಯುವ ಬಲ್ಬುಗಳ ಕಾಲದ್ದು.

ಬೆಳಕು ತಗ್ಗಿಸಿದೆ. ಹುಣ್ಣಿನ ಮೇಲೆ ನೊಣ ಕೂತಂತೆ ಒಂದು ಗುಂಯ್ ಸದ್ದು ಶುರುವಾಯಿತು. ಬೆಳಕು ಕೀವಿನ ಬಣ್ಣಕ್ಕೆ ಇಳಿದು ನಡುಗತೊಡಗಿತು. ಮಲಗಿದ್ದ ಅಜ್ಜಿ ಮುಖ ತಿರುಗಿಸಿ, "ಅದನ್ನೊಂದು ದೊಡ್ಡ ಮಾಡು ಮಗ" ಎಂದರು.

ನಾನು ಗುಂಡಿಯನ್ನು ಪೂರ್ತಿ ತಿರುಗಿಸಿ ಬೆಳಕು ಹೆಚ್ಚಿಸಿದೆ.

"ಅಯ್ಯೋ, ಅಮ್ಮ ಹೇಳಿದ್ದು ನಂದಿಸ್ಲಿಕ್ಕೆ! ನಿಮಗೆ ಮಂಡೆ ಸರಿ ಇಲ್ವಾ?" ಎಂದು ಗೌಡರು ಕೂಗಿದರು. ದೀಪ ಆರಿಸು ಎನ್ನುವುದು ಅಪಶಕುನ, ದೊಡ್ಡ ಮಾಡು ಎನ್ನಬೇಕು. ನಮ್ಮ ಮನೆಯಲ್ಲೂ ಹಾಗೆಯೇ ಹೇಳುವುದು. ಗುಂಡಿ ಹಿಡಿದ ಕೈಗೆ ಅದು ಹೊಳೆಯಲಿಲ್ಲ.

ಪೂರ್ತಿ ನಂದಿಸಿದೆ. ಉಳಿದವೆಲ್ಲ ಆರಿದವು, ಮಂಚದ ಮೇಲಿನದೊಂದು ಆರಲಿಲ್ಲ. ಸೋರುವ ಕರೆಂಟಿಗೆ ಎಲ್‌ಇಡಿ ಮಂಕಾಗಿ ಉರಿಯುವುದುಂಟು. ಓಡಿಹೋಗಿ ಮೈನ್ ಸ್ವಿಚ್ ಇಳಿಸಿ ಬಂದೆ. ಫ್ಯಾನ್ ನಿಂತಿತ್ತು. ಆ ದೀಪ ಮಾತ್ರ ಮಿನುಗುತ್ತಲೇ ಇತ್ತು. ಅಜ್ಜಿಯ ಹಲ್ಲು ಕಚ್ಚಿಹೋಗಿತ್ತು. ಅವರ ಬಲಗೈ ಅದೇ ತಾಳಕ್ಕೆ ಸೆಟೆದು ಸೆಟೆದು ಬೀಳುತ್ತಿತ್ತು.

ಸ್ಟೂಲು ಹತ್ತಿ ಆ ದೀಪ ಕಿತ್ತು ವಯರು ಬಿಡಿಸಿದೆ. ಯಾವುದಕ್ಕೂ ಸೇರಿರದ ಆ ಬಿಲ್ಲೆ ನನ್ನ ಅಂಗೈಯಲ್ಲಿ ಮಿನುಗುತ್ತಿತ್ತು. ಬಿಸಿ ಇರಲಿಲ್ಲ. ಕಪ್ಪೆಯ ಹೊಟ್ಟೆಯಂತೆ ತಣ್ಣಗೆ, ಪಸೆಪಸೆಯಾಗಿ, ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು. ಹಳಸಿದ ಮೀನಿನ ನಾತ. ಬಿಸಾಡಲು ನೋಡಿದೆ, ಬೆರಳು ಬಿಚ್ಚಲಿಲ್ಲ. ಆರಲಿ ಎಂದು ಗಟ್ಟಿಯಾಗಿ ಒತ್ತಿ ಹಿಡಿದೆ.

ಗೌಡರ ಹೆಂಡತಿ ಲಲಿತಕ್ಕ, "ಒತ್ಬೇಡಿ, ಅದು ಹಾಗೆ ಹೋಗುದಲ್ಲ" ಎಂದವರೇ ದೇವರ ಪಟದಿಂದ ಒಂದು ಸೇವಂತಿಗೆ ತೆಗೆದು, ಎಣ್ಣೆದೀಪ ದೊಡ್ಡ ಮಾಡಲು ಕುಡಿಗೆ ಹೂವಿಡುವ ಹಾಗೆ ಅದರ ಮೇಲಿಟ್ಟರು. "ದೊಡ್ಡ ಆಗು" ಎಂದರು. ಬೆಳಕು ಹೋಯಿತು. ಅಜ್ಜಿಯ ಕೈ ಹಾಸಿಗೆಯ ಮೇಲೆ ಸಡಿಲವಾಗಿ ಬಿತ್ತು.

ಅಂಗಳದಲ್ಲಿ ವಾಂತಿ ಮಾಡಿಕೊಂಡೆ. ಮರುದಿನ ಆ ಬಿಲ್ಲೆಯನ್ನು ಒಡೆದು ನೋಡಿದರೆ ಒಳಗೆ ಸಾಮಾನ್ಯ ಎಲ್‌ಇಡಿ ಮಣಿಗಳು, ಬೆಸುಗೆಯ ಸೋಲ್ಡರ್. ನಾತವಿರಲಿಲ್ಲ.

ಈಗ ನಾನು ಪೆಟ್ಟಿಗೆಯ ಮೇಲಿನ ಬರಹ ನಂಬುವುದಿಲ್ಲ. ಸಣ್ಣ ಲೋಡಿಗೆ, ಅಂದರೆ ಕಡಿಮೆ ವ್ಯಾಟಿಗೆ, ಹೊಂದುವ ಎಲ್‌ಇಡಿ ಡಿಮ್ಮರು ತಂದು, ಹಾಕಬೇಕಾದ ಲೈಟಿಗೇ ಜೋಡಿಸಿ, ತೀರಾ ತಗ್ಗಿಸಿ ಸದ್ದು ಕೇಳುತ್ತೇನೆ. ಮೊಬೈಲ್ ಕ್ಯಾಮರಾದಲ್ಲಿ ಮಿನುಗಿನ ಪಟ್ಟೆ ಓಡುತ್ತದೆಯೇ ನೋಡುತ್ತೇನೆ. ಬೆಳಕು ಪೂರ್ತಿ ಆರಿದ ಮೇಲೂ ಅಲ್ಲೇ ನಿಂತಿರುತ್ತೇನೆ. ಅಂಗೈಯನ್ನು ಮಾತ್ರ ಇವತ್ತಿಗೂ ಊಟದ ಮೊದಲು ಮತ್ತೆ ಮತ್ತೆ ತೊಳೆಯುತ್ತೇನೆ.

ಆ ರಾತ್ರಿ ಎಚ್ಚರವಾದ ಮೇಲೆ ಅಜ್ಜಿ ನನ್ನನ್ನೇ ನೋಡಿ ಕೇಳಿದ್ದರು: "ನನ್ನನ್ನು ಯಾಕೆ ಮಗ ಅಷ್ಟು ಗಟ್ಟಿ ಒತ್ತಿ ಹಿಡಿದದ್ದು?" ನಾನು ಅವರನ್ನು ಮುಟ್ಟಿರಲಿಲ್ಲ.

ಇದನ್ನು ಕಂಡವರು ಮೋನಪ್ಪ ಗೌಡರು, ಲಲಿತಕ್ಕ. ಇಬ್ಬರೂ ಆಲೆಟ್ಟಿಯಲ್ಲೇ ಇದ್ದಾರೆ. ಅಜ್ಜಿಯೂ ಇದ್ದಾರೆ.